ಮೂಸಿ ನೋಡು

ಹೊಸ ಸೊಸಿ ಹೊಸ್ತಿಲಾ ದಾಟಿದ ರಾತ್ರಿ
ಆಕಿ ಉಟ್ಟುಬಿಟ್ಟ ಸೀರಿ ಒಂದ ತುಂಡು ಹರದು
ನಾಯಿ ಮಲಗೋ ತಟ್ಟಿನ ಬುಡಕ ಹಾಕೋದು
ನಮ್ಮ ಮನಿ ಪದ್ಧತಿ.
ಮುಧೋಳದ ನಾಯಿ, ಓಡೋದು ಕಣ್ಣಿನ ಮ್ಯಾಲ,
ಮೊಲಾ ಕಂಡ್ರ ಗಾಳಿ.
ನಮ್ಮವರು ಯಾರು ಅನ್ನೋದು ಮಾತ್ರ ಮೂಗಿನ ಲೆಕ್ಕ.

ನಿಂಬೆವ್ವ ಬಂದಾಗ ಆ ತುಂಡು ಹಾಕಿದಾಕಿ ನಾನ.
ಮೂರ ರಾತ್ರಿ ಗುರ್ ಅಂದು, ನಾಕನೇ ದಿನಾ
ಆಕಿ ಕೈಯಾಗಿನ ರೊಟ್ಟಿ ತಿಂದಿತು ನಾಯಿ.
ನಾನು? ಹತ್ತೊಂಬತ್ತು ವರ್ಷ.
ಎಳ್ಳ ಹಚ್ಚಿದ ರೊಟ್ಟಿ ಕಳಿಸಿದ್ರ
ಬುಟ್ಟಿ ಸೈತ ತಿರುಗಿ ಕಳಿಸಿದೆ.
ಒಲಿ ಎರಡಾದವು. ನಡುವ ಗೋಡಿ ಎದ್ದಿತು.
ಗೋಡಿಗೆ ಕಿಡಕಿ ಬ್ಯಾಡ ಅಂದಾಕಿನೂ ನಾನ.

ಆಮ್ಯಾಲ ಕಣ್ಣು ಅರಿಷಿಣ ಆದವು,
ಹೊಟ್ಟಿ ನೀರ ತುಂಬಿದ ಕೊಡಾ.
ಬೆಳಗಾವಿ ದವಾಖಾನಿಯೊಳಗ
ಗಂಡಂದು ಕೊಬ್ಬಿನ ಲಿವರ್ ಅಂದ್ರು,
ಮಗಂದು ರಕ್ತದ ಗುಂಪು ಕೂಡಲಿಲ್ಲ.
ಕೂಡಿದ್ದು ಒಬ್ಬಾಕಿದು.
ಸಮಿತಿಯವರು ಕೇಳಿದರಂತ:
"ನೆಗೆಣ್ಣಿಗೆ ಯಾಕ ಕೊಡತೀಯವಾ, ರೊಕ್ಕಾ ಏನರ ಮಾತಾಡ್ಯಾರೇನು?"
"ಒಲಿ ಬ್ಯಾರೆ ಅದಾವ್ರಿ," ಅಂದಳಂತ,
"ಗೋಡಿ ಒಂದ ಐತಿ."

ಮೈಯೊಳಗೂ ನಾಯಿ ಅದಾವು.
ಸಣ್ಣ ವಯಸ್ಸಿನ ಡಾಕ್ಟರ್ ಬಾಯಿ ಕಾವಲುಗಾರರು ಅಂದಳು,
ನಾಯಿ ಅಂದಾಕಿ ನಾನು.
ನಮ್ಮದಲ್ಲದ್ದು ಸಿಕ್ರ ಕಚ್ಚೋದು ಅವುಕ ಧರ್ಮ.
ಕೊಲ್ಲಾಕ ಬರೂದಿಲ್ಲ,
ಕೊಂದ್ರ ಒಂದು ನೆಗಡಿ ನನ್ನ ಹೊತ್ಕೊಂಡು ಹೋದೀತು.
ಕೊರಳಪಟ್ಟಿ ಹಾಕಿ ಹಿಡೀಬೇಕು.
ಪಟ್ಟಿ ಹೆಸರು ಟ್ಯಾಕ್ರೊಲಿಮಸ್,
ನನ್ನ ನಾಲಿಗಿಗೆ ಟಕ್ಕರ್ ಗುಳಿಗಿ.
ಮುಂಜಾನಿ ಎಂಟಕ್ಕ, ರಾತ್ರಿ ಎಂಟಕ್ಕ
ಮಗನ ಮೊಬೈಲ್ ಕೂಗತೈತಿ.
ಕೈ ನಡುಗಿ ರೊಟ್ಟಿ ಅಂಚು ಹರೀತೈತಿ.
ಚಕ್ಕೋತ ಬ್ಯಾಡ, ಹೊಲದಾಗಿನ ಹಸಿ ಸೌತಿ ಬ್ಯಾಡ,
ನಾಯಿಮರಿ ಹತ್ತಿರ ಸುಳೀಬ್ಯಾಡ.
ಅತ್ತದ್ದು ಕಡೀ ಮಾತಿಗೆ.

ನಾಕನೇ ತಿಂಗಳು ಪಟ್ಟಿ ಹರಕೊಂಡು ಕಚ್ಚೇ ಬಿಟ್ಟವು.
ರಿಪೋರ್ಟಿನಾಗ ನಲವತ್ತು ಇದ್ದದ್ದು ನಾನೂರು.
ಮೂರು ದಿನಾ ಕೈಗೆ ಸೂಜಿ, ಮ್ಯಾಲ ಸಲಾಯಿನ್.
ಕಡೀ ರಾತ್ರಿ ದಿಂಬಿನ ಬುಡಕ
ಹಳೇ ಸೀರಿ ತುಂಡೊಂದು ಸಿಕ್ಕಿತು,
ಒಗದದ್ದು, ಡೆಟ್ಟಾಲ್ ವಾಸನಿ ಬಿಟ್ರ ಬ್ಯಾರೆ ಏನೂ ಇಲ್ಲ.
ಯಾರಿಟ್ರು ಅಂತ ಕೇಳಲಿಲ್ಲ.
ಕೇಳಿದ್ರ ಆಕಿಗೆ ನಾಚಿಕಿ, ನನಗ ಇನ್ನೂ ಹೆಚ್ಚು.
ಗುಣಾ ಮಾಡಿದ್ದು ಔಷಧ, ನನಗೂ ಗೊತ್ತು.
ತುಂಡು ಮಾತ್ರ ಮನಿತನಕ ತಂದೆ.

ನಾಯಿಗೋಳು ಈಗ ಆಕಿ ಪಾಲಿಗೆ.
ಜಾಳಿಗಿ ಆಚಿಂದ ಬಿಜಲಿ ಉದ್ದನ್ನ ಮೂಗು ಚಾಚಿ
ದವಾಖಾನಿ ವಾಸನಿಗೆ ಮೊದಲ ಹಲ್ಲು ತೋರಿಸಿತು.
ಮತ್ತ ಮೂಸಿತು. ಆಕಿನ್ನ ನೋಡಿತು, ನನ್ನ ನೋಡಿತು,
ಇದೇನು ಒಂದ ವಾಸನಿ ಎರಡು ಕಡೆ ಅಂತ
ಬಾಲಾ ಅರ್ಧಾ ಅಲ್ಲಾಡಿಸಿ ನಿಂತಿತು.

ಮೂರನೇ ವರ್ಷ ಡಾಕ್ಟರ್ ಹೇಳಿದಳು:
ಲಿವರ್ ತಾಳ್ಮಿದು. ಕಿಡ್ನಿ ಹಾಂಗ ಅಲ್ಲ.
ಕುಂತಲ್ಲೇ ಕುಂತು ನಾಯಿಗೋಳಿಗೆ ತನ್ನ ಗುರ್ತಾ ಕಲಸತೈತಿ,
ಎಲ್ಲಾರ ಮೈಯಾಗಲ್ಲ, ಕೆಲವರದಾಗ.
ನಿಮ್ಮದು ಹೆಂಗೋ ಗೊತ್ತಿಲ್ಲ. ವಾರಕ್ಕೊಮ್ಮೆ ರಕ್ತಾ ನೋಡಕೋತ
ಪಟ್ಟಿ ಒಂದ ತೂತು ಸಡಲ ಮಾಡೋಣು.
ನೀವಾಗಿ ಬಿಚ್ಚಬ್ಯಾಡ್ರಿ ಮತ್ತ.

ಇವತ್ತ ಒಂದ ತೂತು ಸಡಲು.
ಬಲಪಕ್ಕಡಿ ಮ್ಯಾಲ ಕೈ ಇಟಗೊಂಡು ಕುಂತೇನಿ,
ಗುರ್ ಅಂತೈತೇನು ಅಂತ.
ರಾತ್ರಿ ಎಂಟು. ಗೋಡಿ ಆಚಿಂದ ಆಕಿ:
"ಯಕ್ಕಾ, ಗುಳಿಗಿ ತಗೊಂಡಿ?"
"ತಗೊಂಡೆ. ಕಿಡಕಿ ಇಡಾಕ ಗೌಂಡಿಗೆ ಹೇಳೇನಿ.
ಸೋಮವಾರ ಬರತೇನಿ ಅಂದಾನ,
ಸುಳ್ಳ ಹೇಳತಾನ ಅಂವ."